ಬಾಸ್ಟನ್ ಪಾರ್ಕಿನ ಯುದ್ಧ ಸ್ಮಾರಕ: ಹಿಂಬದಿಯಲ್ಲಿ ಎರಡು ಪಟ್ಟಿ ಯಾಕೆ?

ಪ್ರಶ್ನೆ: ಮಗಳ ಮನೆಗೆಂದು ಬಾಸ್ಟನ್‌ಗೆ ಬಂದಿದ್ದೇನೆ. ಊರ ನಡುವಿನ ಬಾಸ್ಟನ್ ಕಾಮನ್ ಪಾರ್ಕಿನಲ್ಲಿ, ಚಿನ್ನದ ಗುಮ್ಮಟದ ಸರ್ಕಾರಿ ಕಟ್ಟಡದ ಎದುರಿಗೆ, ದೊಡ್ಡದೊಂದು ಕಂಚಿನ ಸ್ಮಾರಕ ನೋಡಿದೆ. ಕುದುರೆ ಮೇಲೆ ಬಿಳಿ ಅಧಿಕಾರಿ, ಅವನ ಪಕ್ಕದಲ್ಲಿ ಬಂದೂಕು ಹೊತ್ತು ನಡೆಯುತ್ತಿರುವ ಕಪ್ಪು ಸೈನಿಕರು. ಹಿಂದಕ್ಕೆ ಹೋಗಿ ನೋಡಿದರೆ ಅಧಿಕಾರಿಗಳ ಹೆಸರು ಬೇರೆ, ಸೈನಿಕರ ಹೆಸರು ಬೇರೆ. "ಇದು ಬಿಳಿಯನನ್ನು ಮೆರೆಸೋ ಸ್ಮಾರಕ ಆಂಟಿ, 2020ರಲ್ಲೇ ತೆಗೀಬೇಕಿತ್ತು" ಅಂತ ಮಗಳ ಸ್ನೇಹಿತೆ ಹೇಳಿದಳು. ಇದು ನಿಜಕ್ಕೂ ಯಾರ ಸ್ಮಾರಕ? ಪಟ್ಟಿ ಎರಡು ಯಾಕೆ?

ಉತ್ತರ: ಆ ಎರಡು ಪಟ್ಟಿಗಳ ನಡುವೆ ಸುಮಾರು 85 ವರ್ಷಗಳ ಅಂತರ ಇದೆ. ಸತ್ತ ಬಿಳಿ ಅಧಿಕಾರಿಗಳ ಹೆಸರು 1897ರಲ್ಲಿ ಸ್ಮಾರಕ ಅನಾವರಣ ಆದಾಗಲೇ ಕಲ್ಲಿನ ಮೇಲಿತ್ತು. ಸತ್ತ ಕಪ್ಪು ಸೈನಿಕರ ಹೆಸರು ಕೆತ್ತಿದ್ದು 1981–82ರ ದುರಸ್ತಿಯ ಹೊತ್ತಿನಲ್ಲಿ. ಆದ್ದರಿಂದ ಆ ಹುಡುಗಿಯ ಸಿಟ್ಟಿಗೆ ಕಾರಣ ಇದೆ. ಆದರೆ ತೆಗೆಯಬೇಕಿತ್ತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು 1863ರಿಂದ ಶುರು ಮಾಡಬೇಕು.

ಅಮೆರಿಕದ ಅಂತರ್ಯುದ್ಧ ಶುರುವಾಗಿ ಆಗಲೇ ಎರಡು ವರ್ಷವಾಗುತ್ತಾ ಬಂದಿತ್ತು. ಗುಲಾಮಗಿರಿ ಉಳಿಸಿಕೊಳ್ಳಬೇಕು ಅಂತ ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳು ಒಂದು ಕಡೆ, ಲಿಂಕನ್ ಅವರ ಸರ್ಕಾರ ಇನ್ನೊಂದು ಕಡೆ. 1863ರ ಜನವರಿ 1ರಂದು ಲಿಂಕನ್ ಹೊರಡಿಸಿದ ಘೋಷಣೆ ಬಂಡೆದ್ದ ರಾಜ್ಯಗಳ ಗುಲಾಮರೆಲ್ಲ ಸ್ವತಂತ್ರರು ಅಂತ ಸಾರಿತು. ಕಪ್ಪು ಜನ ಸೈನ್ಯಕ್ಕೆ ಸೇರಲು ದಾರಿಯನ್ನೂ ತೆರೆಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಜಾನ್ ಆಂಡ್ರೂ ಅದೇ ತಿಂಗಳು ಅನುಮತಿ ಪಡೆದು ಒಂದು ರೆಜಿಮೆಂಟ್ ಕಟ್ಟಲು ಹೊರಟರು. ಅದೇ 54ನೇ ಮ್ಯಾಸಚೂಸೆಟ್ಸ್ ಕಾಲಾಳು ಪಡೆ. ನೀವು ನೋಡಿದ ಕಂಚಿನಲ್ಲಿ ನಡೆಯುತ್ತಿರುವವರು ಅವರೇ.

ಮ್ಯಾಸಚೂಸೆಟ್ಸ್‌ನಲ್ಲಿ ಅಷ್ಟೊಂದು ಕಪ್ಪು ಜನ ಇರಲಿಲ್ಲ. ಹಾಗಾಗಿ ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಒಹಾಯೊ, ಕೆನಡಾದಿಂದೆಲ್ಲ ಹುಡುಗರು ಬಂದರು. ರೈತರು, ಕೂಲಿಯವರು, ಹಡಗಿನ ಕೆಲಸದವರು, ಕ್ಷೌರಿಕರು. ಹೆಚ್ಚಿನವರು ಹುಟ್ಟಿನಿಂದಲೇ ಸ್ವತಂತ್ರರು. ಕೆಲವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ದೇಶದ ದೊಡ್ಡ ಮಾತುಗಾರನಾಗಿ ಬೆಳೆದ ಫ್ರೆಡರಿಕ್ ಡಗ್ಲಸ್ ಊರೂರು ಸುತ್ತಿ ಜನರನ್ನು ಕರೆದರು. ಅವರ ಇಬ್ಬರು ಗಂಡುಮಕ್ಕಳು, ಲೂಯಿಸ್ ಮತ್ತು ಚಾರ್ಲ್ಸ್, ಇದೇ ರೆಜಿಮೆಂಟ್ ಸೇರಿದರು.

ಒಂದು ಕಟ್ಟಳೆ ಮಾತ್ರ ಇತ್ತು. ಅಧಿಕಾರಿಗಳು ಬಿಳಿಯರೇ ಆಗಿರಬೇಕು. ಗವರ್ನರ್ ಆರಿಸಿದ್ದು ರಾಬರ್ಟ್ ಗೋಲ್ಡ್ ಶಾ ಅನ್ನುವ 25 ವರ್ಷದ ಯುವಕನನ್ನು. ಕುದುರೆ ಮೇಲಿರುವವನು ಅವನೇ. ಶಾ ಕುಟುಂಬ ತುಂಬಾ ಶ್ರೀಮಂತರು, ಗುಲಾಮಗಿರಿಯ ಕಡು ವಿರೋಧಿಗಳು. ಆದರೂ ಶಾ ಮೊದಲು ಈ ಹುದ್ದೆ ಬೇಡ ಅಂದಿದ್ದ. ಆಮೇಲೆ ಮನಸ್ಸು ಬದಲಿಸಿದ. ತನ್ನ ಸೈನಿಕರ ಬಗ್ಗೆ ಅವನು ಮನೆಗೆ ಬರೆದ ಮೊದಮೊದಲ ಪತ್ರಗಳಲ್ಲಿ ಆ ಕಾಲದ ಬಿಳಿಯರ ಅಸಡ್ಡೆ ಕಾಣುತ್ತದೆ. ತಿಂಗಳು ಕಳೆದಂತೆ ಆ ದನಿ ಬದಲಾಗುತ್ತದೆ, ಗೌರವ ಬರುತ್ತದೆ. ನನಗೆ ಇದು ಮುಖ್ಯ ಅನಿಸುತ್ತದೆ. ಅವನು ಹುಟ್ಟು ಮಹಾತ್ಮನೇನೂ ಆಗಿರಲಿಲ್ಲ. ಆ ಸೈನಿಕರ ಜೊತೆ ಬಾಳಿ ಕಲಿತವನು.

1863ರ ಮೇ 28ರಂದು ರೆಜಿಮೆಂಟ್ ಬಾಸ್ಟನ್ ಬೀದಿಗಳಲ್ಲಿ ಮೆರವಣಿಗೆ ಮಾಡಿ ಬಂದರಿನ ಕಡೆ ಹೊರಟಿತು. ಸ್ಟೇಟ್ ಹೌಸ್ ಮುಂದೆ, ಅಂದರೆ ನೀವು ನೋಡಿದ ಆ ಗುಮ್ಮಟದ ಕಟ್ಟಡದ ಮುಂದೆ, ಗವರ್ನರ್ ನಿಂತು ಬೀಳ್ಕೊಟ್ಟರು. ರಸ್ತೆಯ ಎರಡೂ ಬದಿ ಜನವೋ ಜನ. ಶಿಲ್ಪಿ ತೋರಿಸಿರುವುದು ಆ ದಿನದ ನಡಿಗೆಯನ್ನೇ. ಅವರು ನಡೆದ ಜಾಗದಲ್ಲೇ ಸ್ಮಾರಕ ನಿಂತಿದೆ.

ಅವತ್ತು ಹೊರಟವರಿಗೆ ಎರಡು ಅಪಾಯ ಕಾದಿತ್ತು. ಒಂದು ಎಲ್ಲ ಸೈನಿಕರಿಗೂ ಇರುವಂಥದ್ದು. ಇನ್ನೊಂದು ಇವರಿಗೆ ಮಾತ್ರ. ಕಪ್ಪು ಸೈನಿಕರ ಮುಂದಾಳುಗಳಾದ ಬಿಳಿ ಅಧಿಕಾರಿಗಳು ಸೆರೆಸಿಕ್ಕರೆ ಗುಲಾಮರನ್ನು ದಂಗೆ ಎಬ್ಬಿಸಿದ ಅಪರಾಧಕ್ಕೆ ಮರಣದಂಡನೆ ಕೊಡಬಹುದು ಅಂತ ದಕ್ಷಿಣದವರ ಸಂಸತ್ತು ಅದೇ ಮೇ ತಿಂಗಳು ನಿರ್ಣಯ ಮಾಡಿತ್ತು. ಸಿಕ್ಕಿಬಿದ್ದ ಕಪ್ಪು ಸೈನಿಕರನ್ನು ಆಯಾ ರಾಜ್ಯಗಳ ಕೈಗೆ ಒಪ್ಪಿಸಬೇಕಿತ್ತು. ಅಲ್ಲಿನ ಕಾನೂನು ಅಂದರೆ ನೇಣು ಅಥವಾ ಗುಲಾಮಗಿರಿ. ಇದು ಗೊತ್ತಿದ್ದೇ ಅವರು ಹಡಗು ಹತ್ತಿದ್ದು.

ಜುಲೈ 18ರ ಸಂಜೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿ ಮಾರಿಸ್ ದ್ವೀಪ ಅಂತ ಇದೆ. ಅದರ ಮೇಲೆ ವ್ಯಾಗ್ನರ್ ಅನ್ನುವ ಕೋಟೆ. ಮರಳು, ಮಣ್ಣು, ತಾಳೆಮರದ ದಿಮ್ಮಿ ಸೇರಿಸಿ ಕಟ್ಟಿದ್ದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು. ನಡುವೆ ಕಿರಿದಾದ ಮರಳಿನ ದಾರಿ. ಹಗಲೆಲ್ಲ ಫಿರಂಗಿ ಹೊಡೆದರೂ ಕೋಟೆಗೆ ಹೆಚ್ಚಿನ ಹಾನಿ ಆಗಿರಲಿಲ್ಲ, ದಾಳಿಗೆ ಆಜ್ಞೆ ಕೊಟ್ಟ ಮೇಲಧಿಕಾರಿಗಳಿಗೆ ಅದು ತಿಳಿಯಲಿಲ್ಲ. ದಾಳಿಗೆ ಮುಂದೆ ನಿಂತಿದ್ದು 54ನೇ ರೆಜಿಮೆಂಟ್. ಎರಡು ದಿನದ ಹಿಂದಷ್ಟೇ ಜೇಮ್ಸ್ ದ್ವೀಪದಲ್ಲಿ ಕಾದಾಡಿ, ಮಳೆಯಲ್ಲಿ ರಾತ್ರಿ ನಡೆದು, ಸರಿಯಾಗಿ ಊಟ ನಿದ್ದೆ ಇಲ್ಲದೆ ಬಂದವರು.

ಸುಮಾರು 600 ಜನ ಮುನ್ನುಗ್ಗಿದರು. ಶಾ ಕೋಟೆಯ ದಿಬ್ಬ ಹತ್ತಿ ಅಲ್ಲೇ ಗುಂಡೇಟಿಗೆ ಬಿದ್ದ. ಬಾವುಟ ಹಿಡಿದವನು ಬಿದ್ದಾಗ ವಿಲಿಯಂ ಕಾರ್ನಿ ಅನ್ನುವ ಸಾರ್ಜೆಂಟ್ ಅದನ್ನು ಎತ್ತಿಕೊಂಡ. ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದವನು ಅವನು. ಮೈತುಂಬಾ ಗಾಯ ಆದರೂ, ತೆವಳಿಕೊಂಡು, ಬಾವುಟ ನೆಲಕ್ಕೆ ತಾಕದ ಹಾಗೆ ಹಿಂದಕ್ಕೆ ತಂದ. ಈ ಶೌರ್ಯಕ್ಕೆ ಅಮೆರಿಕದ ಅತಿ ದೊಡ್ಡ ಸೇನಾ ಪದಕ, ಮೆಡಲ್ ಆಫ್ ಆನರ್, ಅವನಿಗೆ ಬಂದದ್ದು 1900ರಲ್ಲಿ. ಅಂದರೆ 37 ವರ್ಷ ಆದ ಮೇಲೆ.

ಕೋಟೆ ಕೈಗೆ ಬರಲಿಲ್ಲ. 54ನೇ ರೆಜಿಮೆಂಟಿನಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ 270ಕ್ಕೂ ಹೆಚ್ಚು. ಮರುದಿನ ದಕ್ಷಿಣದವರು ಶಾನ ಹೆಣವನ್ನು ಅವನ ಸೈನಿಕರ ಜೊತೆ ಒಂದೇ ಗುಂಡಿಗೆ ಹಾಕಿ ಮುಚ್ಚಿದರು. ಅಧಿಕಾರಿಗಳ ಹೆಣವನ್ನು ಮರ್ಯಾದೆಯಿಂದ ಹಿಂದಿರುಗಿಸುವುದು ಆಗಿನ ವಾಡಿಕೆ. ಅದನ್ನು ಮುರಿದದ್ದು ಬೇಕೆಂದೇ, ಅವಮಾನ ಮಾಡಲು. ಮುಂದೆ ಆ ಕೋಟೆ ಉತ್ತರದವರ ವಶವಾಗುವ ಸೂಚನೆ ಕಂಡಾಗ ಮಗನ ಹೆಣವನ್ನು ತೆಗೆಸುವ ಮಾತು ಬಂತು. ಬೇಡ ಅಂತ ಅಪ್ಪ ಬರೆದರು. ಸೈನಿಕನಿಗೆ ಅವನು ಬಿದ್ದ ನೆಲವೇ ತಕ್ಕ ಸಮಾಧಿ, ಅವನು ತನ್ನವರ ಜೊತೆಗೇ ಇರಲಿ ಅನ್ನುವುದು ಆ ಕುಟುಂಬದ ನಿಲುವು. ಈ ನಿಲುವು ಮುಂದೆ ಸ್ಮಾರಕದ ರೂಪವನ್ನೇ ತಿದ್ದಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಸಂಬಳದ ವಿಷಯ ಹೇಳಲೇಬೇಕು. ಯುದ್ಧದ ಬಗ್ಗೆ ಎಲ್ಲರೂ ಹೇಳುತ್ತಾರೆ, ಇದನ್ನು ಹೇಳುವವರು ಕಮ್ಮಿ. ನನ್ನ ಲೆಕ್ಕದಲ್ಲಿ 54ನೇ ರೆಜಿಮೆಂಟಿನ ದೊಡ್ಡತನ ಕೋಟೆಯ ಮೇಲೆ ಎಷ್ಟು ಕಾಣುತ್ತದೋ ಸಂಬಳದ ಜಗಳದಲ್ಲೂ ಅಷ್ಟೇ ಕಾಣುತ್ತದೆ.

ಸೇರುವಾಗ ಅವರಿಗೆ ಕೊಟ್ಟ ಮಾತು ಬಿಳಿ ಸೈನಿಕರಷ್ಟೇ ಸಂಬಳ, ತಿಂಗಳಿಗೆ 13 ಡಾಲರ್. ಕೊಡಲು ಬಂದಾಗ 10 ಡಾಲರ್ ಅಂದರು. ಅದರಲ್ಲಿ 3 ಡಾಲರ್ ಬಟ್ಟೆಗೆ ಹಿಡಿದುಕೊಳ್ಳುತ್ತೇವೆ ಅಂದರು. ಕೈಗೆ ಸಿಗುವುದು 7 ಡಾಲರ್. ರೆಜಿಮೆಂಟ್ ಒಟ್ಟಾಗಿ ಬೇಡ ಅಂದಿತು. ಕಮ್ಮಿ ಬಿದ್ದದ್ದನ್ನು ನಾವು ತುಂಬಿಕೊಡುತ್ತೇವೆ ಅಂತ ಮ್ಯಾಸಚೂಸೆಟ್ಸ್ ಸರ್ಕಾರ ಮುಂದೆ ಬಂತು. ಅದನ್ನೂ ಅವರು ಬೇಡ ಅಂದರು. ಅವರು ಕೇಳುತ್ತಿದ್ದದ್ದು ದುಡ್ಡಷ್ಟೇ ಅಲ್ಲ, ಅಮೆರಿಕ ಸರ್ಕಾರ ನಮ್ಮನ್ನು ಸೈನಿಕರು ಅಂತ ಒಪ್ಪಿಕೊಳ್ಳಲಿ ಅಂತ. ಊರಲ್ಲಿ ಹೆಂಡತಿ ಮಕ್ಕಳು ಕಷ್ಟಪಡುತ್ತಿದ್ದರು. ಆದರೂ ಒಂದೂವರೆ ವರ್ಷ ಒಂದು ಪೈಸೆ ಮುಟ್ಟದೆ ಕಾದಾಡಿದರು.

ಜೇಮ್ಸ್ ಹೆನ್ರಿ ಗುಡಿಂಗ್ ಅನ್ನುವ ಕಾರ್ಪೊರಲ್ 1863ರ ಸೆಪ್ಟೆಂಬರಿನಲ್ಲಿ ನೇರವಾಗಿ ಲಿಂಕನ್‌ಗೇ ಪತ್ರ ಬರೆದ. ನಾವು ಸೈನಿಕರೋ, ಕೂಲಿಗಳೋ ಅಂತ ಅದರಲ್ಲಿ ಕೇಳಿದ. ಸೈನಿಕನ ಕೆಲಸ ಮಾಡಿದ್ದೇವೆ, ಸೈನಿಕನ ಸಂಬಳ ಯಾಕೆ ಇಲ್ಲ ಅನ್ನುವುದು ಅವನ ಪ್ರಶ್ನೆ. ಮುಂದಿನ ಫೆಬ್ರವರಿಯಲ್ಲಿ ಫ್ಲಾರಿಡಾದ ಒಲಸ್ಟಿ ಕಾಳಗದಲ್ಲಿ ಗುಡಿಂಗ್ ಗಾಯಗೊಂಡು ಸೆರೆಸಿಕ್ಕ. ಆಂಡರ್ಸನ್‌ವಿಲ್ ಅನ್ನುವ ಘೋರವಾದ ಸೆರೆಮನೆಯಲ್ಲಿ 1864ರ ಜುಲೈನಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ ಸಮಾನ ಸಂಬಳದ ಕಾನೂನು ಪಾಸಾಗಿ ಒಂದು ತಿಂಗಳಾಗಿತ್ತು.

ಆ ಕಾನೂನಿನಲ್ಲೂ ಒಂದು ಕೊಕ್ಕೆ ಇತ್ತು. ಹಳೆ ಬಾಕಿ ಪೂರ್ತಿ ಸಿಗುವುದು 1861ರ ಏಪ್ರಿಲ್ 19ರಂದು ಯಾರು ಸ್ವತಂತ್ರರಾಗಿದ್ದರೋ ಅವರಿಗೆ ಮಾತ್ರ. ತಪ್ಪಿಸಿಕೊಂಡು ಬಂದವರ ಗತಿ ಏನು? ಶಾನ ನಂತರ ಕರ್ನಲ್ ಆದ ಎಡ್ವರ್ಡ್ ಹ್ಯಾಲೋವೆಲ್ ಒಂದು ಉಪಾಯ ಮಾಡಿದರು. ಆ ದಿನಕ್ಕೆ ನನ್ನ ದುಡಿಮೆಯನ್ನು ಪುಕ್ಕಟೆ ಪಡೆಯುವ ಹಕ್ಕು ಯಾರಿಗೂ ಇರಲಿಲ್ಲ ಅಂತ ಪ್ರಮಾಣ ಮಾಡಿಸಿದರು. ಗುಲಾಮಗಿರಿ ದೇವರ ಎದುರು ನ್ಯಾಯವೇ ಅಲ್ಲ ಅಂದಮೇಲೆ ಇದು ಎಲ್ಲರಿಗೂ ನಿಜವೇ ಅಲ್ವಾ? ಎಲ್ಲರೂ ಪ್ರಮಾಣ ಮಾಡಿದರು. ಎಲ್ಲರಿಗೂ ಸಂಬಳ ಸಿಕ್ಕಿತು.

ಈಗ ಸ್ಮಾರಕಕ್ಕೆ ಬರೋಣ. ಅದರ ಮೊದಲ ಯೋಚನೆ ಬಾಸ್ಟನ್‌ನ ದೊಡ್ಡಮನುಷ್ಯರದ್ದಲ್ಲ. ಯುದ್ಧ ಇನ್ನೂ ನಡೆಯುತ್ತಿರುವಾಗಲೇ 54ನೇ ರೆಜಿಮೆಂಟಿನ ಸೈನಿಕರು, ದಕ್ಷಿಣ ಕೆರೊಲಿನಾದಲ್ಲಿ ಆಗಷ್ಟೇ ಬಿಡುಗಡೆಯಾಗಿದ್ದ ಕಪ್ಪು ಜನ ದುಡ್ಡು ಸೇರಿಸಿ, ವ್ಯಾಗ್ನರ್ ಕೋಟೆಯ ಹತ್ತಿರವೇ ಶಾನಿಗೆ ಸ್ಮಾರಕ ಕಟ್ಟಬೇಕು ಅಂದುಕೊಂಡಿದ್ದರು. ಅಲ್ಲಿನ ಮರಳು ನಿಲ್ಲುವಂಥದ್ದಲ್ಲ, ಸುತ್ತಲಿನ ಬಿಳಿಯರ ದ್ವೇಷವೂ ತಣಿದಿರಲಿಲ್ಲ. ಹಾಗಾಗಿ ಆ ಹಣ ಚಾರ್ಲ್ಸ್‌ಟನ್‌ನಲ್ಲಿ ಕಪ್ಪು ಮಕ್ಕಳಿಗಾಗಿ ಶಾ ಹೆಸರಿನ ಶಾಲೆಗೆ ಹೋಯಿತು. ಕೋಟೆಯ ಆ ಜಾಗವನ್ನು ಆಮೇಲೆ ಕಡಲು ಕೊರೆದು ನುಂಗಿತು. ಸ್ಮಾರಕಕ್ಕಿಂತ ಶಾಲೆಯೇ ಒಳ್ಳೆಯದಾಯಿತು ಅಂತ ನನಗನಿಸುತ್ತದೆ.

ಬಾಸ್ಟನ್‌ನಲ್ಲೂ ಮೊದಲು ಕೈಹಾಕಿದ್ದು ಕಪ್ಪು ಜನಾಂಗದವರೇ. 1865ರಲ್ಲಿ ಜೋಶುವಾ ಬೋವೆನ್ ಸ್ಮಿತ್ ಅನ್ನುವವರು ಸ್ಮಾರಕದ ಮಾತು ಎತ್ತಿ ದೇಣಿಗೆ ಕೂಡಿಸಲು ನಿಂತರು. ದೊಡ್ಡ ದೊಡ್ಡ ಸಮಾರಂಭಗಳಿಗೆ ಅಡುಗೆ ಕಾಂಟ್ರ್ಯಾಕ್ಟ್ ಮಾಡುತ್ತಿದ್ದವರು. ಹಿಂದೆ ಶಾ ಮನೆತನದಲ್ಲಿ ಕೆಲಸಕ್ಕಿದ್ದವರು. ಗವರ್ನರ್ ಆಂಡ್ರೂ, ಸೆನೆಟರ್ ಚಾರ್ಲ್ಸ್ ಸಮ್ನರ್ ಜೊತೆ ಸೇರಿದರು. ಆದರೆ 1867ರಲ್ಲಿ ಆಂಡ್ರೂ ತೀರಿಹೋದರು, 1874ರಲ್ಲಿ ಸಮ್ನರ್ ಹೋದರು, 1879ರಲ್ಲಿ ಸ್ಮಿತ್ ಕೂಡ ಹೋದರು. ಕೆಲಸ ನಿಂತಲ್ಲೇ ನಿಂತಿತು. ಮತ್ತೆ ಚುರುಕಾದದ್ದು 1880ರ ದಶಕದಲ್ಲಿ. ಅಷ್ಟರಲ್ಲಿ ಸಮಿತಿಯಲ್ಲಿ ಉಳಿದವರು ಬಿಳಿ ಗಣ್ಯರು. ಸ್ಮಿತ್ ಅವರ ಹೆಸರು ನಿಮಗೆ ಆ ಕಲ್ಲಿನ ಮುಂಭಾಗದಲ್ಲಿ ಕಾಣುವುದಿಲ್ಲ. ಹಾಗಾಗಿ ಬರೆಯುವವರಾದರೂ ಪ್ರತಿಸಲ ಹೇಳಬೇಕು.

1884ರಲ್ಲಿ ಶಿಲ್ಪಿ ಅಗಸ್ಟಸ್ ಸೇಂಟ್ ಗಾಡೆನ್ಸ್ ಜೊತೆ ಒಪ್ಪಂದ ಆಯಿತು. ಡಬ್ಲಿನ್‌ನಲ್ಲಿ ಹುಟ್ಟಿ, ಕೈಗೂಸಾಗಿ ಅಮೆರಿಕಕ್ಕೆ ಬಂದವರು. ಅಪ್ಪ ಫ್ರೆಂಚ್, ಚಪ್ಪಲಿ ಹೊಲಿಯುವವರು. ತಾಯಿ ಐರಿಶ್. ಹುಡುಗನಾಗಿದ್ದಾಗ ನ್ಯೂಯಾರ್ಕ್‌ನಲ್ಲಿ ಯುದ್ಧಕ್ಕೆ ಹೊರಟ ಪಡೆಗಳನ್ನು ಕಣ್ಣಾರೆ ಕಂಡವರು. ಒಪ್ಪಂದದ ಮೊತ್ತ 15,000 ಡಾಲರ್, ಅವಧಿ ಎರಡು ವರ್ಷ. ಮುಗಿದದ್ದು ಸುಮಾರು 13 ವರ್ಷಕ್ಕೆ! ಸಮಿತಿಯವರು ಬೇಸತ್ತು ಹೋದರು. ಶಿಲ್ಪಿ ಮಾತ್ರ ಬಿಡಲಿಲ್ಲ.

ಯಾಕೆ ಅಷ್ಟು ತಡ? ಮೊದಲು ಅವರು ಯೋಚಿಸಿದ್ದು ಎಲ್ಲ ಕಡೆ ಇರುವಂಥ ಅಶ್ವಾರೋಹಿ ಪ್ರತಿಮೆ. ಶಾ ಕುಟುಂಬ ಒಪ್ಪಲಿಲ್ಲ. ಕುದುರೆ ಮೇಲೆ ಒಬ್ಬನೇ ಮೆರೆಯುವ ಪ್ರತಿಮೆ ದೊಡ್ಡ ಸೇನಾಪತಿಗಳಿಗೆ ಸರಿ, ನಮ್ಮ ಹುಡುಗ ಬರೀ ಕರ್ನಲ್ ಅಂದರು. ಮಗ ತನ್ನವರ ಜೊತೆಗೇ ಮಣ್ಣಲ್ಲಿರಲಿ ಅಂದ ಅದೇ ಮನೆಯವರು. ಆಗ ಶಿಲ್ಪಿ ಯೋಜನೆ ಬದಲಿಸಿ, ಕುದುರೆ ಸವಾರನನ್ನೂ ನಡೆಯುವ ಪಡೆಯನ್ನೂ ಒಂದೇ ಉಬ್ಬುಶಿಲ್ಪದಲ್ಲಿ ತಂದರು. ಸುಮಾರು 14 ಅಡಿ ಅಗಲ, 11 ಅಡಿ ಎತ್ತರ. ಮೊದಲಿಗೆ ಸೈನಿಕರು ಹಿನ್ನೆಲೆಯಲ್ಲಿ ತೆಳುವಾಗಿ ಇರಬೇಕಿತ್ತು. ಕೆಲಸ ಸಾಗಿದಂತೆ ಅವರು ಮುಂದೆ ಮುಂದೆ ಬಂದರು. ಬಂದೂಕು, ಹೆಗಲ ಚೀಲ, ಸುತ್ತಿದ ಕಂಬಳಿ ಎಲ್ಲ ಕಂಚಿನಿಂದ ಎದ್ದು ಹೊರಬಂದವು.

ಮುಖಗಳನ್ನು ನೀವು ಹತ್ತಿರದಿಂದ ನೋಡಿದಿರಾ? ಇಲ್ಲದಿದ್ದರೆ ಇನ್ನೊಮ್ಮೆ ಹೋಗಿ. ಎರಡು ಮುಖ ಒಂದೇ ತರಹ ಇಲ್ಲ. ಗಡ್ಡ ಬಿಟ್ಟ ಹಿರಿಯ ಇದ್ದಾನೆ, ಮೀಸೆ ಚಿಗುರದ ಹುಡುಗ ಇದ್ದಾನೆ, ಎಲ್ಲರಿಗಿಂತ ಮುಂದೆ ಡೋಲು ಬಾರಿಸುವ ಪೋರ. ಸೇಂಟ್ ಗಾಡೆನ್ಸ್ ನ್ಯೂಯಾರ್ಕ್ ಬೀದಿಗಳಿಂದ ಕಪ್ಪು ಜನರನ್ನು ಕರೆತಂದು, ಕೂರಿಸಿ, ಸುಮಾರು 40 ತಲೆಗಳನ್ನು ಮಣ್ಣಿನಲ್ಲಿ ಮಾಡಿಕೊಂಡರು. ಬೇಕಾದ್ದನ್ನು ಆರಿಸಿಕೊಂಡರು. ಅವರು 54ರ ಸೈನಿಕರಲ್ಲ. ಬದುಕಿದ್ದ ಹಳೆಯ ಸೈನಿಕರನ್ನು ಹುಡುಕಿ ಕೂರಿಸಬಹುದಿತ್ತು. ಅದು ಆಗಲಿಲ್ಲ. ಇನ್ನೊಂದು ಕಹಿ ಸತ್ಯವೂ ಇದೆ. ತನ್ನ ನೆನಪುಗಳಲ್ಲಿ ಈ ಶಿಲ್ಪಿ ಮಾಡೆಲ್‌ಗಳ ಬಗ್ಗೆ ಹಗುರವಾಗಿ, ಅವರ ಜನಾಂಗವನ್ನು ಹೀಗಳೆದು ಬರೆದಿದ್ದಾರೆ. ಬರೆದ ಮಾತು ಸಣ್ಣದು, ಕೈ ಮಾಡಿದ ಕೆಲಸ ದೊಡ್ಡದು. ಎರಡೂ ನಿಜ.

ಆ ಮುಖಗಳಿಗೆ ಯಾಕೆ ಇಷ್ಟು ಬೆಲೆ ಅಂತ ಗೊತ್ತಾಗಬೇಕಾದರೆ ಆಗಿನ ಬೇರೆ ಸ್ಮಾರಕಗಳನ್ನು ನೋಡಬೇಕು. ಇದೇ ಬಾಸ್ಟನ್‌ನಲ್ಲಿ, ಕಾಮನ್‌ನಿಂದ ನಡೆದು ಹೋಗುವಷ್ಟು ದೂರದ ಪಾರ್ಕ್ ಸ್ಕ್ವೇರ್‌ನಲ್ಲಿ, 1879ರಲ್ಲಿ ಇನ್ನೊಂದು ಪ್ರತಿಮೆ ನಿಲ್ಲಿಸಿದ್ದರು. ವಾಷಿಂಗ್ಟನ್‌ನಲ್ಲಿ 1876ರಲ್ಲಿ ಅನಾವರಣವಾದ ಪ್ರತಿಮೆಯ ನಕಲು ಅದು. ಲಿಂಕನ್ ನಿಂತು ಕೈ ಚಾಚಿದ್ದಾರೆ. ಅವರ ಕಾಲ ಬಳಿ ಸೊಂಟಕ್ಕೆ ಮಾತ್ರ ಬಟ್ಟೆ ಸುತ್ತಿದ ಕಪ್ಪು ಮನುಷ್ಯ ಮಂಡಿಯೂರಿದ್ದಾನೆ. ವಾಷಿಂಗ್ಟನ್ ಪ್ರತಿಮೆಗೆ ದುಡ್ಡು ಕೊಟ್ಟವರು ಬಿಡುಗಡೆಯಾದ ಗುಲಾಮರು. ಮೊದಲ 5 ಡಾಲರ್ ಕೊಟ್ಟವಳು ಶಾರ್ಲೆಟ್ ಸ್ಕಾಟ್ ಅನ್ನುವ ಹೆಂಗಸು. ಆದರೆ ಪ್ರತಿಮೆ ಹೇಗಿರಬೇಕು ಅಂತ ಅವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ತಮ್ಮನ್ನು ಮಂಡಿಯೂರಿಸಿ ಕೂರಿಸಿ ಅನ್ನುತ್ತಿದ್ದರೇ? ಸೇಂಟ್ ಗಾಡೆನ್ಸ್ ಶಿಲ್ಪದಲ್ಲಿ ಯಾರೂ ಮಂಡಿಯೂರಿಲ್ಲ. ಸಮವಸ್ತ್ರ ತೊಟ್ಟು, ಹೆಗಲಿಗೆ ಬಂದೂಕು ಏರಿಸಿ, ನೇರ ಮುಂದಕ್ಕೆ ನೋಡುತ್ತಾ ನಡೆಯುತ್ತಿದ್ದಾರೆ. ಆ ಕಾಲದ ಅಮೆರಿಕದಲ್ಲಿ ಕಪ್ಪು ಸೈನಿಕರನ್ನು ಹೀಗೆ ತೋರಿಸಿದ ಸಾರ್ವಜನಿಕ ಶಿಲ್ಪ ಹುಡುಕಿದರೂ ಸಿಗುವುದು ಕಷ್ಟ.

ಅನಾವರಣ ಆದದ್ದು 1897ರ ಮೇ 31ರಂದು. ರೆಜಿಮೆಂಟಿನಲ್ಲಿ ಬದುಕಿ ಉಳಿದವರು ನೆರೆತ ತಲೆಯಲ್ಲಿ ಮತ್ತೆ ಅದೇ ಬೀದಿಯಲ್ಲಿ ನಡೆದು ಬಂದರು. ಸಭೆಯಲ್ಲಿ ತತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಮಾತಾಡಿದರು. ಅವರ ತಮ್ಮ ಗಾರ್ತ್ ಇದೇ ರೆಜಿಮೆಂಟಿನ ಅಧಿಕಾರಿಯಾಗಿದ್ದು ವ್ಯಾಗ್ನರ್‌ನಲ್ಲಿ ಗಾಯಗೊಂಡಿದ್ದ. ಗುಲಾಮನಾಗಿ ಹುಟ್ಟಿ ಶಿಕ್ಷಣ ಸಂಸ್ಥೆ ಕಟ್ಟಿದ ಬುಕರ್ ಟಿ. ವಾಷಿಂಗ್ಟನ್ ಕೂಡ ಮಾತಾಡಿದರು. ಅವರು ಕಾರ್ನಿಯ ಕಡೆ ತಿರುಗಿ ಬಾವುಟದ ಮಾತೆತ್ತಿದಾಗ, ವೇದಿಕೆ ಮೇಲಿದ್ದ ಕಾರ್ನಿ ಎದ್ದು ಅದನ್ನು ಎತ್ತಿ ಹಿಡಿದರು. ಇಡೀ ಸಭೆ ಎದ್ದು ನಿಂತು ಕೂಗಿತು. ಕಾರ್ನಿ ಕೊನೆಗಾಲದಲ್ಲಿ ಸ್ಮಾರಕದ ಎದುರಿಗಿರುವ ಆ ಸ್ಟೇಟ್ ಹೌಸ್‌ನಲ್ಲೇ ಕೆಲಸಕ್ಕಿದ್ದರು. 1908ರಲ್ಲಿ ಅಲ್ಲಿನ ಲಿಫ್ಟ್ ಅಪಘಾತದಲ್ಲಿ ಪೆಟ್ಟಾಗಿ ತೀರಿಕೊಂಡರು.

ಇನ್ನು ನೀವು ಕೇಳಿದ ಹಿಂಬದಿ. ಅಲ್ಲಿರುವ ದೊಡ್ಡ ಬರಹ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಬರೆದದ್ದು. ಅದರಲ್ಲಿ ಬಿಳಿ ಅಧಿಕಾರಿಗಳಿಗೆ ಒಂದು ಭಾಗ, ಕಪ್ಪು ಸೈನಿಕರಿಗೆ ಒಂದು ಭಾಗ, ಇಬ್ಬರಿಗೂ ಸೇರಿ ಇನ್ನೊಂದು ಭಾಗ. ಸೈನಿಕರ ಭಾಗದಲ್ಲಿ ಹದಿನೆಂಟು ತಿಂಗಳು ಸಂಬಳ ಇಲ್ಲದೆ ದುಡಿದದ್ದನ್ನೂ, ಸೆರೆಸಿಕ್ಕರೆ ಗುಲಾಮರಾಗುವ ಭಯ ಎದುರಿಸಿದ್ದನ್ನೂ ಕೆತ್ತಿದ್ದಾರೆ. ಕೊನೆಯಲ್ಲಿ, ಇಂಥ 1,80,000 ಜನ ಸೈನ್ಯ ಸೇರಿದರು ಅಂತಿದೆ. ಒಳ್ಳೆಯ ಮಾತುಗಳೇ. ಆದರೆ ಅಧಿಕಾರಿಗಳ ಭಾಗದಲ್ಲಿ ಇದೇ ಸೈನಿಕರನ್ನು 'ತಿರಸ್ಕಾರಕ್ಕೆ ಒಳಗಾದ ಜನಾಂಗದವರು, ಯುದ್ಧದಲ್ಲಿ ಇನ್ನೂ ಪರೀಕ್ಷೆಗೆ ನಿಲ್ಲದವರು' ಅನ್ನುವ ಅರ್ಥದಲ್ಲಿ ವರ್ಣಿಸಿದೆ. ಮತ್ತು ಹೆಸರು ಕೆತ್ತುವಾಗ ಅಧಿಕಾರಿಗಳದ್ದು ಮಾತ್ರ ಕೆತ್ತಿದರು. ಸೈನಿಕರು ಗುಂಪಾಗಿ ಉಳಿದರು.

ಕನ್ನಡದವರಿಗೆ ಇದು ಇನ್ನೂ ಚುಚ್ಚಬೇಕು. ನಮ್ಮ ವೀರಗಲ್ಲುಗಳನ್ನು ನೆನೆಸಿಕೊಳ್ಳಿ. ಬೆಂಗಳೂರಿನ ಬೇಗೂರಿನಲ್ಲಿ 9ನೇ ಶತಮಾನದ ಕೊನೆಯ ಹೊತ್ತಿನ ಕಲ್ಲೊಂದು 'ಬೆಂಗಳೂರು ಕಾಳಗ'ದಲ್ಲಿ ಸತ್ತವನ ಹೆಸರು ಹೇಳುತ್ತದೆ. ಅವನು ರಾಜನೂ ಅಲ್ಲ, ಸೇನಾಪತಿಯೂ ಅಲ್ಲ. ಊರ ದನ ಬಿಡಿಸಲು ಹೋಗಿ ಸತ್ತವನಿಗೂ ನಮ್ಮಲ್ಲಿ ಕಲ್ಲು ನಿಂತಿದೆ, ಎಷ್ಟೋ ಕಲ್ಲಿನಲ್ಲಿ ಅವನ ಹೆಸರೂ ಇದೆ. ಬಾಸ್ಟನ್ ಶಿಲ್ಪದಲ್ಲಿ ಸೈನಿಕರ ತಲೆಯ ಮೇಲೆ ತೇಲುವ ದೇವಕನ್ಯೆಯನ್ನು ನೋಡಿದಾಗಲೂ ನನಗೆ ವೀರಗಲ್ಲಿನ ನಡುವಿನ ಪಟ್ಟಿಕೆಯ ಅಪ್ಸರೆಯರೇ ನೆನಪಾಗುತ್ತಾರೆ. ಆಕೆಯ ಕೈಯಲ್ಲಿ ಶಾಂತಿಗೆ ಆಲಿವ್ ಕೊಂಬೆ, ಸಾವಿಗೆ ಗಸಗಸೆ ಹೂವು.

ಹೆಸರು ಬಂದ ಬಗೆ ಹೀಗೆ. 1970ರ ದಶಕದ ಕೊನೆಗೆ ಸ್ಮಾರಕ ತೀರಾ ಹಾಳಾಗಿತ್ತು. ಪಾರ್ಕಿನ ಹಿತೈಷಿಗಳು ಹಣ ಕೂಡಿಸಿ 1981ರಲ್ಲಿ ದುರಸ್ತಿಗೆ ಇಳಿದರು. ಆ ಹೊತ್ತಿಗೆ ನಾಗರಿಕ ಹಕ್ಕುಗಳ ಹೋರಾಟ ದೇಶದ ಕಣ್ಣು ತೆರೆಸಿತ್ತು. ಬರೀ ಕಂಚು ತೊಳೆದರೆ ಸಾಲದು ಅನ್ನುವ ಒತ್ತಾಯ ಇತ್ತು. ಸೇನೆಯ ದಾಖಲೆಗಳನ್ನು ನೋಡಿ, ಸತ್ತ ಕಪ್ಪು ಸೈನಿಕರ 60ಕ್ಕೂ ಹೆಚ್ಚು ಹೆಸರುಗಳನ್ನು ಹಿಂಬದಿಯ ಕಲ್ಲಿನಲ್ಲಿ ಕೆತ್ತಿದರು. ಅದೇ ನೀವು ಕಂಡ ಎರಡನೇ ಪಟ್ಟಿ.

2020ರ ಮಾತು. ಇನ್ನೊಂದು ದೊಡ್ಡ ದುರಸ್ತಿ ಕೆಲಸ, ಸುಮಾರು 30 ಲಕ್ಷ ಡಾಲರ್ ವೆಚ್ಚದ್ದು, ಆ ವಸಂತದಲ್ಲಷ್ಟೇ ಶುರುವಾಗಿತ್ತು. ಮೇ 31ರ ರಾತ್ರಿ, ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಸಾವಿನ ವಿರುದ್ಧ ನಡೆದ ಪ್ರತಿಭಟನೆಗಳ ಹೊತ್ತಿನಲ್ಲಿ, ಯಾರೋ ಸ್ಮಾರಕದ ಹಿಂಬದಿಗೆ ಬಣ್ಣ ಬಳಿದು ಬರೆದರು. ಅನಾವರಣ ಆಗಿ ಸರಿಯಾಗಿ 123 ವರ್ಷ ತುಂಬಿದ ದಿನ ಅದು. ಮುಂಭಾಗಕ್ಕೆ ದುರಸ್ತಿಗಾಗಿ ಹಲಗೆ ಹೊಡೆದಿದ್ದರು. ಬಣ್ಣ ಬಿದ್ದದ್ದು ಸೈನಿಕರ ಹೆಸರುಗಳಿರುವ ಬದಿಗೆ. ಬರೆದವರಿಗೆ ಅದು ಗೊತ್ತಿತ್ತೋ ಇಲ್ಲವೋ, ನನಗೆ ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮುಂದೆ ಕಂಚನ್ನು ಬಿಚ್ಚಿ ಕಾರ್ಖಾನೆಗೆ ಒಯ್ದು, ಅಡಿಪಾಯ ಗಟ್ಟಿ ಮಾಡಿ, 2021ರಲ್ಲಿ ಮತ್ತೆ ಕೂರಿಸಿದರು. 2022ರ ಜೂನ್ 1ರಂದು ಮರುಸಮರ್ಪಣೆ ಆಯಿತು.

ಪಾರ್ಕ್ ಸ್ಕ್ವೇರ್‌ನ ಮಂಡಿಯೂರಿದ ಪ್ರತಿಮೆಯನ್ನು ಮಾತ್ರ 2020ರ ಡಿಸೆಂಬರಿನಲ್ಲಿ ತೆಗೆದುಬಿಟ್ಟರು. ಊರಿನ ಕಲಾ ಆಯೋಗ ಜನರ ಅಹವಾಲು ಕೇಳಿ, ಚರ್ಚಿಸಿ, ತೀರ್ಮಾನ ಮಾಡಿದ್ದು. ಒಂದೇ ವರ್ಷ, ಒಂದೇ ಊರು. ಒಂದನ್ನು ತೆಗೆದರು, ಇನ್ನೊಂದನ್ನು ಖರ್ಚು ಮಾಡಿ ಉಳಿಸಿದರು. ನನಗೆ ಎರಡೂ ಸರಿ ಅನಿಸುತ್ತದೆ. ಮಂಡಿಯೂರಿದ ಆ ಮನುಷ್ಯನಿಗೆ ಹೊಸದಾಗಿ ಏನು ಸೇರಿಸಿದರೂ ಅವನು ಎದ್ದು ನಿಲ್ಲುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಕಲ್ಲಿನ ಕೊರತೆಯನ್ನು ಕಲ್ಲಿನಲ್ಲೇ ತುಂಬಿಸಲು ಆಯಿತು. ತಡವಾಯಿತು, ನಿಜ. ಕುದುರೆ ಇನ್ನೂ ನಡುವೆಯೇ ಇದೆ, ಅದೂ ನಿಜ. ಹಾಗಾಗಿ ಆ ಹುಡುಗಿ ಕೇಳಿದ್ದು ತಪ್ಪಲ್ಲ. ಇದು ಯಾರ ಸ್ಮಾರಕ ಅಂದರೆ, 1865ರಲ್ಲಿ ಸ್ಮಿತ್ ಕೇಳಿದ್ದು ಶಾನಿಗಾಗಿ. 1897ರಲ್ಲಿ ಅದು ಶಾ ಮತ್ತು ಅವನ ಪಡೆಯದ್ದಾಯಿತು. 1982ರಿಂದ ಈಚೆಗೆ 54ನೇ ರೆಜಿಮೆಂಟಿನದ್ದು. ಈಗ ಅಧಿಕೃತವಾಗಿ ಕರೆಯುವಾಗಲೂ ಶಾ ಹೆಸರಿನ ಜೊತೆ ರೆಜಿಮೆಂಟಿನ ಹೆಸರನ್ನು ಸೇರಿಸಿಯೇ ಹೇಳುತ್ತಾರೆ.

ನೀವು ಇನ್ನೂ ಬಾಸ್ಟನ್‌ನಲ್ಲೇ ಇದ್ದೀರಿ ಅಲ್ವಾ? ಸ್ಮಾರಕದ ಬಳಿಯಿಂದಲೇ 'ಬ್ಲ್ಯಾಕ್ ಹೆರಿಟೇಜ್ ಟ್ರೇಲ್' ಅನ್ನುವ ಕಾಲ್ನಡಿಗೆ ದಾರಿ ಶುರುವಾಗುತ್ತದೆ. ಬೀಕನ್ ಹಿಲ್ ಹತ್ತಿ ಆಚೆ ಇಳಿದರೆ ಜಾಯ್ ಸ್ಟ್ರೀಟ್ ಪಕ್ಕದ ಓಣಿಯಲ್ಲಿ 1806ರ ಆಫ್ರಿಕನ್ ಮೀಟಿಂಗ್ ಹೌಸ್ ಇದೆ. 54ನೇ ರೆಜಿಮೆಂಟಿಗೆ ಹುಡುಗರನ್ನು ಸೇರಿಸಿಕೊಳ್ಳುವ ಕೆಲಸ ನಡೆದ ಜಾಗಗಳಲ್ಲಿ ಅದೂ ಒಂದು. ಏರು ದಾರಿ, ಇಟ್ಟಿಗೆ ಹಾಸಿದ ಕಾಲುದಾರಿ, ಒಳ್ಳೆಯ ಚಪ್ಪಲಿ ಹಾಕಿಕೊಂಡು ನಿಧಾನಕ್ಕೆ ನಡೆಯಿರಿ. ಮಗಳ ಸ್ನೇಹಿತೆಯನ್ನೂ ಕರೆದುಕೊಂಡು ಹೋಗಿ. ಮುಂದೆ ಯಾವಾಗಲಾದರೂ ವಾಷಿಂಗ್ಟನ್ ಕಡೆ ಹೋದರೆ ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿ ಸೇಂಟ್ ಗಾಡೆನ್ಸ್ ಆಮೇಲೂ ತಿದ್ದುತ್ತಾ ಹೋದ ಪ್ಲಾಸ್ಟರ್ ರೂಪ ಇದೆ. ಒಳಗಿರುವುದರಿಂದ ಮುಖಗಳು ಬಾಸ್ಟನ್ನಿಗಿಂತ ಸ್ಪಷ್ಟವಾಗಿ ಕಾಣುತ್ತವೆ.